ಗೋಡೆ ಬಿಟ್ಟು ಬರದ ಮಾತು

ಜೂನ್ ೩, ಮಂಗಳವಾರ

ಬೆಳಿಗ್ಗೆ ಅಪ್ಪ ಅಮ್ಮನನ್ನು ಬೈಯುತ್ತಿದ್ದರು. “ಉಪ್ಪು ಹಾಕುವಾಗ ನಿನ್ನ ಗಮನ” ಅನ್ನುವಷ್ಟರಲ್ಲಿ ಲ್ಯಾಪ್‌ಟಾಪ್ ಪಟ್ಟನೆ ಆರಿಹೋಯಿತು. ಅಮ್ಮ ಸೌಟು ಹಿಡಿದು ನಿಂತು, “ಹೂಂ, ನನ್ನ ಗಮನ ಎಲ್ಲಿತ್ತು? ಹೇಳ್ರೀ, ಕೇಳೋಣ” ಎಂದಳು. ಅಪ್ಪ ವೈರ್ ಅಲ್ಲಾಡಿಸಿ, ಮತ್ತೆ ಆನ್ ಮಾಡಿ, ಅದು ಪೂರ್ತಿ ಏಳುವ ಹೊತ್ತಿಗೆ ಅಮ್ಮ ಕೆಲಸಕ್ಕೆ ಹೊರಟೇ ಹೋಗಿದ್ದಳು. ಉಳಿದ ಬೈಗುಳ ನನ್ನ ಪಾಲಿಗೆ ಬಂತು.

ನನಗೂ ಯಾರನ್ನಾದರೂ ಬೈಯಬೇಕು ಅನ್ನಿಸುತ್ತದೆ. ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಐದನೇ ತರಗತಿಯವರೆಗೆ ಓದಿದ್ದೇನೆ, ಬರೆಯಲು ಅಷ್ಟು ಸಾಕು. ಮಾತಿಗೆ ಮಾತ್ರ ಎಷ್ಟು ಓದಿದ್ದರೂ ಸಾಲುತ್ತಿರಲಿಲ್ಲ. ಅಂಗಡಿಯಲ್ಲಿ ಸೂಜಿ ಕೇಳುವುದಕ್ಕೂ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದವಳು ನಾನು.

ಅಪ್ಪ ಟೈಪಿಸ್ಟ್. ಸರ್ಕಾರಿ ಕಚೇರಿಯ ಎದುರು ಸಾಲಾಗಿ ಕೂತು ಜನರ ಅರ್ಜಿ ಟೈಪ್ ಮಾಡಿಕೊಡುವವರಲ್ಲಿ ಒಬ್ಬರು. ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಧ್ವನಿಪೆಟ್ಟಿಗೆ ತೆಗೆದುಬಿಟ್ಟರು, ಅವತ್ತಿನಿಂದ ಮನೆಯಲ್ಲೇ ಇದ್ದಾರೆ. ಈಗ ಕುತ್ತಿಗೆಯ ತೂತಿನಿಂದ ಉಸಿರಾಡುತ್ತಾರೆ, ಅದರ ಮೇಲೆ ತೆಳು ಬಟ್ಟೆ ಕಟ್ಟಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರ್ ನಮ್ಮ ಹಳೇ ಲ್ಯಾಪ್‌ಟಾಪಿಗೆ ಒಂದು ಪ್ರೋಗ್ರಾಂ ಹಾಕಿಕೊಟ್ಟರು. ಅಪ್ಪ ಟೈಪ್ ಮಾಡಿದ್ದನ್ನು ಅದು ವಾರ್ತೆ ಓದುವವರ ಹಾಗೆ ಗಟ್ಟಿಯಾಗಿ ಓದುತ್ತದೆ. ಫೋನಿನಲ್ಲೂ ಆಗುತ್ತದಂತೆ. ಆದರೆ ಹತ್ತು ಬೆರಳಲ್ಲಿ ಟೈಪ್ ಮಾಡುವ ಅಪ್ಪನಿಗೆ ಆ ಗಾಜಿನ ಮೇಲೆ ಒಂದು ಪದ ಮೂಡಿಸುವಷ್ಟರಲ್ಲಿ ಸಿಟ್ಟು ನೆತ್ತಿಗೇರುತ್ತದೆ. ಚೀಟಿ ಬರೆದು ತೋರಿಸಿದರೆ ಜನ ಅವರನ್ನು ಕಿವುಡರು ಅಂದುಕೊಂಡು ಕಿರುಚುತ್ತಾರೆ. ಹಾಗಾಗಿ ಲ್ಯಾಪ್‌ಟಾಪೇ ಗತಿ. ಅದರ ಬ್ಯಾಟರಿ ಸತ್ತಿದೆ. ಗೋಡೆಗೆ ವೈರ್ ಚುಚ್ಚಿದ್ದರೆ ಮಾತ್ರ ಮಾತು.

ಇವತ್ತು ಕಚೇರಿಯಿಂದ ತಿಳಿಸಿದ್ದಾರೆ. ಟೈಪಿಸ್ಟರ ಹಳೇ ಸಾಲು ಕೆಡವಿ ಹೊಸ ಕಟ್ಟಡದ ವರಾಂಡದಲ್ಲಿ ಜಾಗ ಕೊಡುತ್ತಾರಂತೆ. ಜುಲೈ ಎರಡಕ್ಕೆ ಅಧಿಕಾರಿಗಳು ಒಬ್ಬೊಬ್ಬರನ್ನೇ ಮಾತಾಡಿಸಿ ಯಾರಿಗೆ ಕೊಡುವುದು ಎಂದು ತೀರ್ಮಾನಿಸುತ್ತಾರೆ. ಖುದ್ದಾಗಿ ಉತ್ತರಿಸಬೇಕು, ಪರವಾಗಿ ಬೇರೆಯವರು ಮಾತಾಡುವಂತಿಲ್ಲ. ಅವತ್ತು ತಪ್ಪಿದರೆ ಜಾಗ ತಪ್ಪಿದ ಹಾಗೇ.

ಅಪ್ಪ ಎರಡೇ ಪದ ಟೈಪ್ ಮಾಡಿದರು. “ಬ್ಯಾಟರಿ ತರಿಸು.”

ಜೂನ್ ೪, ಬುಧವಾರ

ಪರದೆ ಹೊಲಿಯುವ ಅಂಗಡಿಯ ಕೆಲಸ ಮುಗಿಸಿ ಬರುವಾಗ ರಿಪೇರಿ ಅಂಗಡಿಯ ಮುಂದೆ ನಿಂತೆ. ಆ ಲ್ಯಾಪ್‌ಟಾಪನ್ನು ನಮಗೆ ಸೆಕೆಂಡ್ ಹ್ಯಾಂಡ್ ಮಾರಿದ್ದು ಆ ರಿಪೇರಿಯಣ್ಣನೇ. ಬಹಳ ಹೊತ್ತು ನಿಂತ ಮೇಲೆ ಅವನೇ ಕೇಳಿದ.

“ಏನಮ್ಮಾ, ನನ್ನ ಅಂಗಡಿ ಕಾಯ್ತಿದ್ದೀಯಾ?”

“ಬ್ಯಾಟರಿ ಬೇಕು.”

“ಯಾವುದಕ್ಕೆ?”

“ಅಪ್ಪನಿಗೆ” ಎಂದೆ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕಿವಿಯವರೆಗೂ ಬಿಸಿಯಾಯಿತು. ಅಷ್ಟು ಹಳೆಯದಕ್ಕೆ ಕಂಪನಿಯವರು ಬ್ಯಾಟರಿ ಮಾಡುವುದನ್ನೇ ನಿಲ್ಲಿಸಿದ್ದಾರೆ, ಬೇರೆಯವರು ಮಾಡಿದ್ದು ಆನ್‌ಲೈನಲ್ಲಿ ಸಿಗುತ್ತೆ ನೋಡು ಎಂದ.

ನೋಡಿದೆ. ಸಿಗುತ್ತದೆ, ರಾಶಿ ರಾಶಿ ಸಿಗುತ್ತದೆ. ಎಲ್ಲವೂ ಕಪ್ಪು, ಎಲ್ಲವೂ ಒಂದೇ ಥರ. ಒಂದರ ಕೆಳಗೆ “ಹೊಚ್ಚ ಹೊಸ ಅಸಲಿ ಬದಲಿ ಬ್ಯಾಟರಿ” ಎಂದು ಬರೆದಿದ್ದಾರೆ. ಅಸಲಿಯೋ ಬದಲಿಯೋ, ಒಂದು ಹೇಳಬಾರದೇ? ಕೊಂಡವರ ಅಭಿಪ್ರಾಯ ಓದಿದೆ. ಒಬ್ಬರು ಐದು ಸ್ಟಾರ್ ಕೊಟ್ಟು “ತುಂಬಾ ಚೆನ್ನಾಗಿದೆ, ಇನ್ನೂ ಹಾಕಿ ನೋಡಿಲ್ಲ” ಎಂದಿದ್ದಾರೆ. ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟು “ಡಬ್ಬ ನಜ್ಜುಗುಜ್ಜಾಗಿತ್ತು, ಬ್ಯಾಟರಿ ಸೂಪರ್” ಎಂದಿದ್ದಾರೆ. ಇವರನ್ನು ನಂಬಿಕೊಂಡು ನಾನು ಕೊಳ್ಳಬೇಕು.

ಯಾವ ಮಾಡೆಲ್ ಎಂದು ಅಪ್ಪನನ್ನು ಕೇಳಿದೆ. “ಮುಚ್ಚಳದ ಮೇಲೆ ಅಚ್ಚು ಹಾಕಿದೆಯಲ್ಲ, ಅದನ್ನೇ ಹಾಕು” ಎಂದರು. ಜೀವಮಾನವೆಲ್ಲ ಟೈಪ್ ಮಾಡಿದ ಮನುಷ್ಯ, ಅಚ್ಚಾಗಿರುವುದೆಲ್ಲ ನಿಜ ಎಂದೇ ಅವರ ಲೆಕ್ಕ. ಅದನ್ನೇ ಹಾಕಿದೆ.

ಜೂನ್ ೯, ಸೋಮವಾರ

ಬ್ಯಾಟರಿ “ದಾರಿಯಲ್ಲಿದೆ”. ನಾಲ್ಕು ದಿನದಿಂದ ದಾರಿಯಲ್ಲೇ ಇದೆ. ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವುದಿಲ್ಲವಂತೆ, ಲಾರಿಯಲ್ಲೇ ಬರಬೇಕಂತೆ.

ಸಂಜೆ ಕಪ್ಪು ಕನ್ನಡಕದವರು ಬಂದಿದ್ದರು. ಅಪ್ಪನ ಪಕ್ಕದಲ್ಲೇ ಕೂರುತ್ತಿದ್ದ ಟೈಪಿಸ್ಟ್. ಅಪ್ಪ ಅಡುಗೆಮನೆಯ ಗೋಡೆಗೆ ಒತ್ತಿಕೊಂಡು ಕೂತಿರುವುದನ್ನೂ ವೈರನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಅಪ್ಪ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾತಾಡಿದರು.

“ನಿಮ್ಮಪ್ಪ ಬೇಕಾದಷ್ಟು ದುಡಿದ್ರಮ್ಮ. ಇನ್ನು ಆರಾಮಾಗಿ ಮನೇಲಿರ್ಲಿ. ಟೈಪಿಂಗ್ ಬಿಡು, ಬೆರಳಿದ್ರೆ ಆಯ್ತು. ನಮ್ಮ ಕಸುಬಿನಲ್ಲಿ ಮಾತೇ ತಾನೇ ಮುಖ್ಯ? ಬಂದವರನ್ನ ಮಾತಾಡಿಸಿ, ಸಮಾಧಾನ ಹೇಳಿ, ವಿಷಯ ಹೊರಡಿಸ್ಬೇಕು. ನನ್ನ ಅಳಿಯ ಅರ್ಜಿ ಹಾಕಿದಾನೆ. ಒಳ್ಳೆ ಮಾತುಗಾರ.”

ಅಪ್ಪ ಪಟಪಟ ಟೈಪ್ ಮಾಡತೊಡಗಿದರು. ಅವರು ಕಾಯಲಿಲ್ಲ, ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದರು. “ನಾನಿನ್ನೂ ಸತ್ತಿಲ್ಲ” ಎಂದು ಲ್ಯಾಪ್‌ಟಾಪ್ ಖಾಲಿ ಕುರ್ಚಿಗೆ ಹೇಳಿತು.

ನಾನು ಬಾಗಿಲಲ್ಲೇ ನಿಂತಿದ್ದೆ. ಬಗ್ಗಿ ಕೂಗಿ ಹೇಳಬಹುದಿತ್ತು. ಕೂಗಲಿಲ್ಲ.

ಜೂನ್ ೧೨, ಗುರುವಾರ

ಬಂತು. ಅಪ್ಪ ಕೈತೊಳೆದು ಬಂದು ಕೂತರು, ಅಮ್ಮ ಕತ್ತರಿ ತಂದಳು. ತೆಗೆದರೆ ಬಿಸ್ಕತ್ತಿನ ಹಾಗೆ ಚಪ್ಪಟೆಯಾಗಿದೆ, ತುದಿಗೆ ಪುಟ್ಟ ವೈರ್ ಬೇರೆ. ನಮ್ಮ ಲ್ಯಾಪ್‌ಟಾಪಿಗೆ ಬೇಕಾದದ್ದು ಉದ್ದನೆಯ ಕೋಲಿನಂಥದ್ದು, ಕೆಳಗಿನಿಂದ ತಳ್ಳಿದರೆ ಟಕ್ ಎಂದು ಕೂರುವಂಥದ್ದು.

ಅಮ್ಮ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, “ಇದು ಅದರ ಅತ್ತೆಮನೆ ಕಡೇದಿರ್ಬೇಕು” ಎಂದಳು.

ಅಪ್ಪ ಅದನ್ನು ಮತ್ತೆ ಡಬ್ಬಕ್ಕೆ ತುಂಬಿದರು.

ಜೂನ್ ೧೩, ಶುಕ್ರವಾರ

ರಿಪೇರಿಯಣ್ಣನಿಗೆ ತೋರಿಸಿದೆ. ಅವನು ಲ್ಯಾಪ್‌ಟಾಪ್ ತಿರುಗಿಸಿ ಹಣೆ ಚಚ್ಚಿಕೊಂಡ.

“ಅಯ್ಯೋ, ಮುಚ್ಚಳದ ಹೆಸರು ನೋಡಿ ಹಾಕಿದ್ಯಾ? ಅದು ಬೇರೆ ಲ್ಯಾಪ್‌ಟಾಪಿನ ಮುಚ್ಚಳ. ಇದರದ್ದು ಒಡೆದಿತ್ತು, ನಾನೇ ಬದಲಾಯಿಸಿದ್ದೆ. ಹಳೇ ಬ್ಯಾಟರಿ ಬಿಚ್ಚಿ, ಅದರ ಮೇಲಿರೋ ನಂಬರ್ ಹಾಕ್ಬೇಕಮ್ಮ.”

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನಿಸಿತು. ಅವನೇ “ನೀನು ಕೇಳ್ಲಿಲ್ವಲ್ಲ” ಎಂದು ನಕ್ಕ. ನನ್ನ ಪ್ರಶ್ನೆ ಅವನಿಗೆ ಹೇಗೆ ಗೊತ್ತಾಯಿತೋ. ಮುಖದಲ್ಲಿ ಇತ್ತೇನೋ.

ವಾಪಸ್ ಕಳಿಸಲು ಕಾರಣ ಆರಿಸಿ ಅನ್ನುತ್ತದೆ ಫೋನು. ವಸ್ತು ಹಾಳಾಗಿದೆ. ತಡವಾಗಿ ಬಂದಿದೆ. ಮನಸ್ಸು ಬದಲಾಯಿತು. ಮುಚ್ಚಳ ಸುಳ್ಳು ಹೇಳಿತು ಎನ್ನುವುದು ಅದರಲ್ಲಿಲ್ಲ. ಮನಸ್ಸು ಬದಲಾಯಿತು ಎಂದು ಒತ್ತಿದೆ. ಅದಕ್ಕೆ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ! ಸಹಾಯವಾಣಿಗೆ ಫೋನ್ ಮಾಡಿ ಎಂದಿತು.

ಮಾಡಿದೆ. ಬಹಳ ಹೊತ್ತು ಸಂಗೀತ ಬಂತು. ಸಂಗೀತವೇ ಚೆನ್ನಾಗಿತ್ತು. ಯಾವುದೋ ಹುಡುಗಿ “ನಮಸ್ಕಾರ, ನಿಮಗೆ ಹೇಗೆ ಸಹಾಯ ಮಾಡಲಿ?” ಎಂದಳು. ಫೋನ್ ಇಟ್ಟುಬಿಟ್ಟೆ.

ಜೂನ್ ೧೪, ಶನಿವಾರ

ಹೇಳಬೇಕಾದದ್ದನ್ನೆಲ್ಲ ಹಾಳೆಯಲ್ಲಿ ಬರೆದುಕೊಂಡು ಮತ್ತೆ ಫೋನ್ ಮಾಡಿದೆ. ಪಾಠದ ಹಾಗೆ ಓದಿದೆ. ಹುಡುಗಿ ಮಧ್ಯದಲ್ಲಿ ಏನೋ ಕೇಳಿದಳು, ನನ್ನ ಹಾಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಮತ್ತೆ ಮೊದಲಿನಿಂದ ಓದಿದೆ. ಅವಳು “ಮೇಡಂ, ಇದು ರೆಕಾರ್ಡಿಂಗಾ?” ಎಂದಳು. ಕೊನೆಗೂ ವಾಪಸ್ ತೆಗೆದುಕೊಳ್ಳಲು ಒಪ್ಪಿದರು. ಒಗೆದು ಹಿಂಡದ ಸೀರೆಯ ಹಾಗೆ ಬೆವರಿನಲ್ಲಿ ತೊಯ್ದುಹೋಗಿದ್ದೆ.

ಹಳೇ ಬ್ಯಾಟರಿ ಬಿಚ್ಚಿ ನಂಬರ್ ನೋಡಿ ಎರಡನೆಯದಕ್ಕೆ ಆರ್ಡರ್ ಹಾಕಿದೆ. ಅಕ್ಷರ ಅಕ್ಷರ ಅಪ್ಪ ಓದಿಸಿದರು. ಸೊನ್ನೆಯೋ ಓ ಅಕ್ಷರವೋ ಎಂದು ನಮ್ಮಿಬ್ಬರಿಗೂ ಜಗಳ. ಅವರು ಕೀಲಿಯನ್ನು ಎಷ್ಟು ಜೋರಾಗಿ ಕುಟ್ಟಿದರೂ ಲ್ಯಾಪ್‌ಟಾಪ್ ಒಂದೇ ದನಿಯಲ್ಲಿ ಓದುತ್ತದೆ, ಪಾಪ.

ಜೂನ್ ೨೧, ಶನಿವಾರ

ನನ್ನ ಬುದ್ಧಿಗಿಷ್ಟು! ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗೊತ್ತಿಲ್ಲದವರ ಫೋನ್ ನಾನು ಯಾವತ್ತೂ ಎತ್ತುವುದಿಲ್ಲ, ಅದು ತಾನಾಗಿ ಸುಮ್ಮನಾಗುವವರೆಗೆ ನೋಡುತ್ತಾ ಕೂರುತ್ತೇನೆ. ಮೂರು ಸಲ ಬಂತು, ಮೂರು ಸಲವೂ ನೋಡುತ್ತಾ ಕೂತೆ. ಆಮೇಲೆ ಮೆಸೇಜು: “ಗ್ರಾಹಕರು ಸಂಪರ್ಕಕ್ಕೆ ಸಿಗಲಿಲ್ಲ.” ಬ್ಯಾಟರಿ ಕೆಳಗೆ ಬೀದಿಯವರೆಗೆ ಬಂದು ಹಿಂದೆ ಹೋಗಿದೆ, ಸೋಮವಾರ ಮತ್ತೆ ತರುತ್ತಾರಂತೆ.

ಅಪ್ಪನಿಗೆ ಹೇಳಿದೆ. “ಎತ್ತಿ ಹಲೋ ಅಂದಿದ್ದರೆ ಸಾಕಿತ್ತು” ಎಂದರು. ಮನೆಗೆ ಬರುತ್ತಿದ್ದ ಫೋನೆಲ್ಲ ಎತ್ತುತ್ತಿದ್ದದ್ದು ಅವರೇ. ಈಗ ಬರಿದೇ ಎತ್ತಿ ಹಿಡಿದುಕೊಂಡರೆ ಆ ಕಡೆಯವರು ಹಲೋ ಹಲೋ ಎಂದು ಇಟ್ಟುಬಿಡುತ್ತಾರೆ.

ಜೂನ್ ೨೩, ಸೋಮವಾರ

“ಗ್ರಾಹಕರು ನಿರಾಕರಿಸಿದರು.” ಯಾರು ನಿರಾಕರಿಸಿದ್ದು? ಇವತ್ತು ಯಾರೂ ಫೋನೂ ಮಾಡಿಲ್ಲ, ಬಂದೂ ಇಲ್ಲ. ಅಂಗಡಿಗೆ ರಜೆ ಹಾಕಿ ಬೆಳಿಗ್ಗೆಯಿಂದ ಕಿಟಕಿಯಲ್ಲಿ ಕೂತಿದ್ದೇನೆ ನಾನು!

ಸಹಾಯವಾಣಿಗೆ ಮಾಡಿದೆ. ಹಾಳೆ ಬರೆದುಕೊಳ್ಳುವಷ್ಟು ವ್ಯವಧಾನ ಇರಲಿಲ್ಲ.

“ಮೇಡಂ, ಸಿಸ್ಟಮ್ಮಿನಲ್ಲಿ ನೀವು ಬೇಡ ಅಂದಿದ್ದೀರಿ ಅಂತಿದೆ.”

“ನಿಮ್ಮ ಸಿಸ್ಟಮ್ಮು ನಮ್ಮನೆ ಬಾಗಿಲಿಗೆ ಬಂದಿತ್ತಾ?”

“ಮೇಡಂ, ದಯವಿಟ್ಟು ಸಮಾಧಾನ...”

“ಸಮಾಧಾನದಲ್ಲೇ ಇದ್ದೀನಿ. ಎರಡನೇ ತಾರೀಕಿನ ಒಳಗೆ ಬರುತ್ತೋ ಇಲ್ವೋ, ಅಷ್ಟು ಹೇಳಿ.”

ನಾಳೆ ಬರುತ್ತದಂತೆ. ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಏನಮ್ಮಾ ಎಂದೆ. ಏನಿಲ್ಲ ಎಂದಳು. ಮಾತು ಜೋರಾಯಿತೇನೋ, ತಲೆನೋವಿತ್ತು.

ಜೂನ್ ೨೪, ಮಂಗಳವಾರ

ಬೆಳಿಗ್ಗೆ ಡೆಲಿವರಿಯವನು ಬೀದಿಯ ತುದಿಯಲ್ಲಿ ಬೈಕ್ ನಿಲ್ಲಿಸಿ, ಫೋನಿನಲ್ಲಿ ಏನೋ ಒತ್ತಿ, ಮತ್ತೆ ಬೈಕ್ ತಿರುಗಿಸಿದ. ಕಿಟಕಿಯಿಂದ ನೋಡಿದವಳೇ “ಏಯ್, ನಿಂತ್ಕೊಳಯ್ಯಾ!” ಎಂದೆ. ಮೂರನೇ ಮಹಡಿಯಿಂದ. ಬರಿಗಾಲಲ್ಲಿ ಇಳಿದು ಓಡಿದೆ.

“ಮೇಲೆ ಹತ್ತೋಕೆ ಆಗಲ್ಲ ಅಂತ ಹೀಗೆ ಒತ್ತೋದಾ ನೀನು?”

“ಅಕ್ಕಾ, ಇಡೀ ದಿನ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಹೋಗಿದೆ ಅಕ್ಕಾ.”

“ಕೆಳಗಿಂದ ಕೂಗು, ನಾನೇ ಬರ್ತೀನಿ. ಸುಳ್ಳು ಯಾಕೆ ಒತ್ತೀಯ?”

ಕೊಟ್ಟ. ಪಾಪ, ಮಂಡಿಗೆ ನಿಜವಾಗಿಯೂ ಪಟ್ಟಿ ಸುತ್ತಿಕೊಂಡಿದ್ದ.

ಬ್ಯಾಟರಿ ಟಕ್ ಎಂದು ಕೂತಿತು. ಚಾರ್ಜ್ ಆದ ಮೇಲೆ ವೈರ್ ಕಿತ್ತೆವು. ಅಪ್ಪ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಇರುವ ಎರಡು ಕೋಣೆಗೂ ಹೋಗಿ ಬಂದರು. ಒಂದೊಂದು ಕಡೆ ಕೂತು ಒಂದೊಂದು ಮಾತು. ಮಂಚದ ಮೇಲೆ “ಈ ಹಾಸಿಗೆ ಒಗೆದು ಎಷ್ಟು ದಿನ ಆಯಿತು?” ಕಿಟಕಿಯಲ್ಲಿ “ಎದುರುಮನೆಯವರು ಬಣ್ಣ ಹೊಡೆಸಿದ್ದಾರೆ, ಯಾರೂ ನನಗೆ ಹೇಳಲಿಲ್ಲ.” ಅಮ್ಮ ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕೂತು ಉಳಿದಿದ್ದ ಉಪ್ಪಿನ ವಿಷಯ ಪೂರ್ತಿ ಮಾಡಿದರು.

“ಇನ್ನು ನನಗೆ ಬಿಡುಗಡೆ ಇಲ್ಲ” ಎಂದು ಅಮ್ಮ ಒಳಗಿನಿಂದ ಕೂಗಿದಳು. ಬಹಳ ಹೊತ್ತು ಆಚೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು.

ಜೂನ್ ೨೭, ಶುಕ್ರವಾರ

ಸುಳ್ಳು ಬ್ಯಾಟರಿ ಇದು! ಐವತ್ತು ಪರ್ಸೆಂಟ್ ಎಂದು ತೋರಿಸುತ್ತಿದ್ದಂತೆಯೇ ಕಪ್ಪಾಗುತ್ತದೆ. ಹೊಟ್ಟೆ ತುಂಬಿದೆ ಎನ್ನುತ್ತಲೇ ತಲೆತಿರುಗಿ ಬೀಳುವವರ ಹಾಗೆ.

ಸಹಾಯವಾಣಿ: “ಹೊಸದರಲ್ಲಿ ಹಾಗೇ ಮೇಡಂ, ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಿ, ಮೂರು ಸಲ.” ಬದಲಿಗೆ ಬೇರೆ ಕೊಡಿ ಎಂದೆ. ಕೊಡುತ್ತಾರಂತೆ, ಜುಲೈ ಹತ್ತರ ಮೇಲೆ. ಹತ್ತರ ಮೇಲೆ ಬಂದರೆ ನೀವೇ ತಲೆದಿಂಬು ಮಾಡಿಕೊಳ್ಳಿ ಎಂದೆ.

ಅಂಗಡಿಯಲ್ಲೂ ತಲೆಬಿಸಿ. ನನ್ನ ಹೊಲಿಗೆ ಯಂತ್ರ ಇರುವುದು ಹಿಂದಿನ ಕೋಣೆಯಲ್ಲಿ, ಗಿರಾಕಿಗಳ ಮುಖ ನೋಡಬೇಕಾಗಿಲ್ಲ ಎಂದೇ ಆ ಕೆಲಸ ಇಷ್ಟ. ಇವತ್ತು ಒಬ್ಬರು ಕಿಟಕಿಯ ಅಳತೆ ಕೊಟ್ಟು ಅಷ್ಟಕ್ಕೇ ಬಟ್ಟೆ ಕತ್ತರಿಸಿ ಎನ್ನುತ್ತಿದ್ದರು. ಅಂಗಡಿಯ ಯಜಮಾನಿ ಹೂಂ ಹೂಂ ಎನ್ನುತ್ತಿದ್ದಳು. ಹಿಂದಿನಿಂದ ಹೋಗಿ, “ಕೆಳಗೆ ಮಡಿಸಿ ಹೊಲಿಯೋಕೆ ಬಟ್ಟೆ ಬೇಡ್ವಾ? ಒಗೆದ ಮೇಲೆ ಕುಗ್ಗುತ್ತೆ, ಆಮೇಲೆ ನಮ್ಮನ್ನೇ ಬೈತೀರಿ” ಎಂದು ಹೇಳಿ ಬಂದೆ. ಮತ್ತೆ ಯಾರು ಬಿಚ್ಚಿ ಹೊಲಿಯುತ್ತಾರೆ? ನಾನೇ ತಾನೇ. ಯಜಮಾನಿ ಸಂಜೆ, “ಹುಷಾರಾಗಿದ್ದೀಯಾ?” ಎಂದು ಕೇಳಿದಳು.

ಜೂನ್ ೩೦, ಸೋಮವಾರ

ಮೂರು ಸಲ ಖಾಲಿ ಮಾಡಿ ತುಂಬಿಸಿದೆವು. ಈಗ ಪರವಾಗಿಲ್ಲ. ಒಂದೂವರೆ ಗಂಟೆ ಬರುತ್ತದೆ. ಅಧಿಕಾರಿಯ ಮುಂದೆ ಹತ್ತು ನಿಮಿಷ ಸಾಕು. ಬಾಯಿ ಬಿಗಿಹಿಡಿಯಿರಿ ಎಂದು ಅಪ್ಪನಿಗೆ ಹೇಳಿದ್ದೇನೆ.

ಜುಲೈ ೨, ಬುಧವಾರ

ಬಿಗಿಹಿಡಿಯುತ್ತಾರೆಯೇ ಅಪ್ಪ!

ಹತ್ತಕ್ಕೆ ಬರಬೇಕಿದ್ದ ಅಧಿಕಾರಿ ಹನ್ನೆರಡಾದರೂ ಬರಲಿಲ್ಲ. ಹೊಸ ಕಟ್ಟಡದ ದೊಡ್ಡ ಕೋಣೆ, ಬೆಂಚುಗಳ ಮೇಲೆ ಅಪ್ಪನ ಸಾಲಿನವರೆಲ್ಲ. ಆಪರೇಷನ್ ಆದ ಮೇಲೆ ಅಪ್ಪ ಅವರನ್ನೆಲ್ಲ ಒಟ್ಟಿಗೆ ನೋಡಿದ್ದು ಇವತ್ತೇ. ಒಬ್ಬರು ಬಂದು “ಹೇಗಿದ್ದೀರಿ?” ಎಂದರು. ಸರಿ, ಶುರುವಾಯಿತು. ಅವರ ಮಗಳ ಬಾಣಂತನ, ಇವರ ಸೊಂಟನೋವು, ಹಳೇ ಸಾಲಿನ ಮರ ಕಡಿದರೇ, ಚಹಾದವನು ಎಲ್ಲಿ ಹೋದ. ನಾನು ಕಿವಿಯಲ್ಲಿ “ಅಪ್ಪಾ, ಸಾಕು” ಎಂದೆ. “ಇದೊಂದು ಮಾತು” ಎಂದು ಲ್ಯಾಪ್‌ಟಾಪ್ ಎಲ್ಲರಿಗೂ ಕೇಳುವ ಹಾಗೆ ಹೇಳಿತು. ಆ ಮನುಷ್ಯನ ಖುಷಿ ನೋಡಿ ಮುಚ್ಚಳ ಮುಚ್ಚಲು ಕೈ ಬರಲಿಲ್ಲ. ಮುಚ್ಚಬೇಕಿತ್ತು.

ಅಧಿಕಾರಿ ಬಂದರು. ಕಪ್ಪು ಕನ್ನಡಕದವರ ಅಳಿಯ ನಮಗಿಂತ ಮೊದಲು ಹೋಗಿ, ಕೈಮುಗಿದು, ಅರಳು ಹುರಿದ ಹಾಗೆ ಮಾತಾಡಿ ಬಂದ. ಆಮೇಲೆ ಅಪ್ಪ. ನಲವತ್ತಮೂರು ಪರ್ಸೆಂಟ್ ತೋರಿಸುತ್ತಿತ್ತು.

ಅಧಿಕಾರಿ ಲ್ಯಾಪ್‌ಟಾಪ್ ನೋಡಿ, ಅಪ್ಪನ ಕುತ್ತಿಗೆ ನೋಡಿ, ಮೆತ್ತಗೆ ಕೇಳಿದರು. “ಇದು ಜನರ ಹತ್ತಿರ ಮಾತಾಡಿ ಬರೆಯೋ ಕೆಲಸ. ನಿಮಗೆ ಮಾತಾಡೋಕಾಗಲ್ಲ. ಹೇಗೆ ಮಾಡ್ತೀರಿ?”

ಅಪ್ಪ ಟೈಪ್ ಮಾಡಿದರು. “ಸ್ವಾಮೀ, ಮೊದಲು ನಾನು” ಎಂದಿತು. ಕಪ್ಪಾಯಿತು.

ಅಪ್ಪನ ಬೆರಳು ಇನ್ನೂ ಕೀಲಿಗಳ ಮೇಲೆ ಓಡುತ್ತಿತ್ತು.

“ಪರವಾಗಿಲ್ಲ, ಬಿಡಿ” ಎಂದರು ಅಧಿಕಾರಿ. “ಅವರ ಕಷ್ಟ ಅರ್ಥ ಆಗುತ್ತೆ. ಮುಂದಿನವರು ಬನ್ನಿ.”

ಆ ‘ಪರವಾಗಿಲ್ಲ’ ಕೇಳಿ ನನಗೆ ಎಲ್ಲಿತ್ತೋ ಸಿಟ್ಟು. ಪರವಾಗಿದೆ! ಒಂದು ತಿಂಗಳಿಂದ ಒದ್ದಾಡಿದ್ದೇನೆ. ಸುತ್ತ ನೋಡಿದೆ. ಕೋಣೆಗೆಲ್ಲ ಇದ್ದದ್ದು ಒಂದೇ ಪ್ಲಗ್ಗು, ಅಧಿಕಾರಿಯ ಬೆನ್ನ ಹಿಂದೆ, ಅದಕ್ಕೆ ಅವರ ಟೇಬಲ್ ಫ್ಯಾನಿನ ವೈರ್ ಚುಚ್ಚಿದ್ದರು. ಹೋಗಿ ಕಿತ್ತೆ.

“ಏಯ್, ಏನಮ್ಮಾ ಇದು?”

“ಸ್ವಲ್ಪ ಸೆಕೆ ಆಗುತ್ತೆ ಸಾರ್, ತಡ್ಕೊಳ್ಳಿ. ಅವರ ಮಾತು ಇನ್ನೂ ಮುಗಿದಿಲ್ಲ.”

“ನಿಮ್ಮ ಅಪ್ಪ ಹೇಳ್ಬೇಕಾದ್ದನ್ನ ನೀನೇ ಹೇಳಿಬಿಡು ಮತ್ತೆ.”

“ಬೇರೆಯವರು ಮಾತಾಡುವಂತಿಲ್ಲ ಅಂತ ನೀವೇ ತಿಳಿಸಿದ್ದೀರಿ. ಅವರಿಗೆ ಹೇಳೋಕೆ ಬರುತ್ತೆ. ಲ್ಯಾಪ್‌ಟಾಪಿನ ವೈರ್ ಇಷ್ಟೇ ಉದ್ದ, ಕುರ್ಚಿ ಆ ಕಡೆ ಎಳ್ಕೊಳ್ಳಿ.”

ಎಳೆದುಕೊಂಡರು. ಅಪ್ಪ ಅಧಿಕಾರಿಯ ಪಕ್ಕದಲ್ಲೇ ಗೋಡೆಗೆ ಒರಗಿ ಕೂತರು, ತೊಡೆಯ ಮೇಲೆ ಲ್ಯಾಪ್‌ಟಾಪ್. ಅದು ಏಳುವವರೆಗೆ ಎಲ್ಲರೂ ಕಾದರು. ನಾನು ಫ್ಯಾನಿನ ವೈರ್ ಹಿಡಿದುಕೊಂಡೇ ನಿಂತಿದ್ದೆ, ಯಾರಾದರೂ ಮತ್ತೆ ಚುಚ್ಚಿಯಾರು ಎಂದು.

“ಸ್ವಾಮೀ,” ಎಂದಿತು ಲ್ಯಾಪ್‌ಟಾಪ್, “ಮೊದಲು ನಾನು ಬಹಳ ಮಾತಾಡುತ್ತಿದ್ದೆ. ಬಂದವರು ಬಾಯಿ ತೆರೆಯುವ ಮುಂಚೆ ಅವರ ಕಷ್ಟ ನಾನೇ ಹೇಳಿಬಿಡುತ್ತಿದ್ದೆ. ಅರ್ಧ ಅರ್ಜಿಗಳು ಅವರವಲ್ಲ, ನನ್ನವು. ಇನ್ನು ಮೇಲೆ ನಾನು ಟೈಪ್ ಮಾಡುವವರೆಗೆ ಅವರು ಸುಮ್ಮನಿರಲಾರರು. ತಾವೇ ಹೇಳುತ್ತಾ ಹೋಗುತ್ತಾರೆ. ಬರೆಯುವವನಿಗೆ ಅಷ್ಟು ಸಾಕು.”

ಅಧಿಕಾರಿ ಹಣೆ ಒರೆಸಿಕೊಂಡರು. ಕಪ್ಪು ಕನ್ನಡಕದವರು ಕನ್ನಡಕ ತೆಗೆದು ಅಂಗಿಯ ತುದಿಗೆ ಉಜ್ಜುತ್ತಿದ್ದರು. ಅಪ್ಪ ಅಲ್ಲಿಗೆ ನಿಲ್ಲಿಸಿದರೇ? ಸೆಕೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಇನ್ನೂ ಕಾಲು ಗಂಟೆ ಮಾತಾಡಿದರು. ಕೊನೆಗೆ ಅಧಿಕಾರಿಯೇ ಕೈಯೆತ್ತಿ, “ಜಾಗ ನಿಮ್ಮದೇ, ನಿಮ್ಮದೇ, ಆ ಫ್ಯಾನ್ ಹಾಕ್ಸಿ” ಎಂದರು. ಆಮೇಲೆ ನನ್ನ ಕಡೆ ತೋರಿಸಿ, “ಇವರು ಯಾರು?” ಎಂದು ಕೇಳಿದರು.

“ನನ್ನ ಮಗಳು” ಎಂದಿತು ಲ್ಯಾಪ್‌ಟಾಪ್. “ಸ್ವಲ್ಪ ನಾಚಿಕೆ ಸ್ವಭಾವ.”

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಇದರಲ್ಲಿ ನಗುವುದು ಏನಿದೆಯೋ ನನಗೆ ತಿಳಿಯಲಿಲ್ಲ.

ಪ್ಲಗ್ಗಿನಿಂದ ಕಿತ್ತ ಕೂಡಲೇ ಲ್ಯಾಪ್‌ಟಾಪ್ ಮತ್ತೆ ಕಪ್ಪಾಯಿತು. ಬಸ್ಸು ಸಿಗಲಿಲ್ಲ, ನಡೆದೇ ಬಂದೆವು. ಆ ಬ್ಯಾಟರಿ ಮಾಡಿದವರನ್ನು, ಮಾರಿದವರನ್ನು, ಐದು ಸ್ಟಾರ್ ಕೊಟ್ಟವರನ್ನು, ತಡವಾಗಿ ಬಂದ ಅಧಿಕಾರಿಯನ್ನು, ಬಿಗಿಹಿಡಿ ಎಂದರೂ ಕೇಳದ ಅಪ್ಪನನ್ನು, ಒಬ್ಬರನ್ನೂ ಬಿಡದೆ ದಾರಿಯುದ್ದಕ್ಕೂ ಬೈಯುತ್ತಾ ಬಂದೆ. ಅಪ್ಪನಿಗೆ ಮಧ್ಯೆ ಬಾಯಿ ಹಾಕಲು ಬ್ಯಾಟರಿ ಇಲ್ಲ. ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡು, ತಲೆಯಾಡಿಸುತ್ತಾ, ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಬಂದರು. ನಮ್ಮ ಬೀದಿಯ ತಿರುವು ಬಂದಾಗ ತಿರುಗಲಿಲ್ಲ, ನೇರ ನಡೆದರು. ಮರೆತರೇನೋ ಎಂದುಕೊಂಡೆ. ನಾನೂ ಹೇಳಲಿಲ್ಲ, ನನ್ನ ಮಾತು ಇನ್ನೂ ಮುಗಿದಿರಲಿಲ್ಲ.